ಹೊಲಿಗೆಯೂ ಹಕ್ಕುಪತ್ರವೂ

ಕಳೆದ ಎರಡು ಶತಮಾನಗಳಲ್ಲಿ ಹುಟ್ಟಿದ ಯಂತ್ರಗಳಲ್ಲಿ ಬಡವರ ಮನೆಯ ಹೊಸ್ತಿಲನ್ನು ಮೊದಲು ದಾಟಿದ ಕೆಲವೇ ಯಂತ್ರಗಳಲ್ಲಿ ಹೊಲಿಗೆಯ ಯಂತ್ರವೂ ಒಂದು. ಪೇಟೆಬೀದಿಯ ಜಗಲಿಯ ಮೇಲೆ ಕುಳಿತ ದರ್ಜಿಗೆ ಅದೇ ಅನ್ನ. ಮನೆಯ ಮೂಲೆಯಲ್ಲಿ ಅದನ್ನಿಟ್ಟುಕೊಂಡ ಅದೆಷ್ಟೋ ತಾಯಂದಿರು ಅದರ ಬಲದಿಂದಲೇ ಮಕ್ಕಳನ್ನು ಓದಿಸಿದ್ದಾರೆ. ದೊಡ್ಡ ಯಂತ್ರಗಳ ವಿಷಯದಲ್ಲಿ ಸಂಶಯವಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಅಪವಾದವೆಂದು ಎಣಿಸಿದರು. ಹೆಂಡತಿ ಬೇಸರದ ಹೊಲಿಗೆಯಲ್ಲಿ ದಣಿಯುವುದನ್ನು ಕಂಡ ಸಿಂಗರ್, ಆಕೆಯ ಮೇಲಿನ ಪ್ರೀತಿಯಿಂದ ಅದನ್ನು ಕಲ್ಪಿಸಿದನೆಂಬ ಕಥೆಯನ್ನು ಅವರು ಅಲ್ಲಿ ನೆನೆದರು.

ಕಥೆ ಸೊಗಸಾಗಿದೆ. ಆದರೆ ಕಚೇರಿಯ ಕಡತಗಳು ಬೇರೆ ಮಾತನ್ನು ಹೇಳುತ್ತವೆ. ಹೊಲಿಗೆಯ ಯಂತ್ರವನ್ನು ಮೊದಲು ಕಲ್ಪಿಸಿದವನು ಸಿಂಗರ್ ಅಲ್ಲ. ಅವನಿಗಿಂತ ಹಿಂದೆ ನಾಲ್ಕಾರು ಮಂದಿ ಅದೇ ದಾರಿಯಲ್ಲಿ ನಡೆದಿದ್ದರು. ಅವರಲ್ಲಿ ಒಬ್ಬ ತನ್ನ ಯಂತ್ರದ ವರ್ಣನೆಯನ್ನು ಬರೆದಿಟ್ಟರೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನೊಬ್ಬ ಬರೆದು ಸಲ್ಲಿಸಲೇ ಇಲ್ಲ. ಮತ್ತೊಬ್ಬ ತಕ್ಕ ಕಾಲದಲ್ಲಿ, ತಕ್ಕ ಮಾತಿನಲ್ಲಿ ಬರೆದ. ಅವನಿಗೆ ಐಶ್ವರ್ಯ ಬಂತು. ಕಬ್ಬಿಣ ಮತ್ತು ದಾರಗಳ ಈ ಚರಿತ್ರೆಯಲ್ಲಿ ಕೊನೆಯ ತೀರ್ಪನ್ನು ಕೊಟ್ಟದ್ದು ಕಾಗದದ ಮೇಲಿನ ಮಾತು. ಆ ಮಾತಿಗೂ ವಸ್ತುವಿಗೂ ಇರಬೇಕಾದ ಸಂಬಂಧವೇನು, ಮಾತು ವಸ್ತುವನ್ನು ಮೀರಿದರೆ ಏನಾಗುತ್ತದೆ ಎಂಬುದೇ ಇಲ್ಲಿಯ ವಿಷಯ.

ಮೊದಲು ಪೇಟೆಂಟು ಎಂದರೇನು ಎಂಬುದನ್ನು ನೋಡೋಣ. ಅದು ರಾಜ್ಯಕ್ಕೂ ಹೊಸದನ್ನು ಕಂಡುಹಿಡಿದವನಿಗೂ ನಡುವಣ ಒಂದು ಕರಾರು. "ನಿನ್ನ ಗುಟ್ಟನ್ನು ಬಿಚ್ಚಿ ಬರೆದುಕೊಡು, ಇಂತಿಷ್ಟು ವರ್ಷ ಅದನ್ನು ನೀನೊಬ್ಬನೇ ಅನುಭವಿಸು, ಆಮೇಲೆ ಅದು ಎಲ್ಲರ ಸೊತ್ತು" ಎಂದು ರಾಜ್ಯ ಹೇಳುತ್ತದೆ. ಅರ್ಜಿದಾರ ಬರೆದುಕೊಡುವ ಪತ್ರದಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ವಿವರಣೆ: ವಸ್ತು ಹೇಗಿದೆ, ಹೇಗೆ ಮಾಡಬೇಕು, ಹೇಗೆ ಕೆಲಸಮಾಡುತ್ತದೆ ಎಂಬುದು. ಎರಡನೆಯದು 'ಕ್ಲೇಮು' ಎನಿಸುವ ಹಕ್ಕಿನ ವಾಕ್ಯಗಳು: ಇದರಲ್ಲಿ ಎಷ್ಟು ನನ್ನದು, ಯಾವುದನ್ನು ಪರರು ಮುಟ್ಟಬಾರದು ಎಂಬುದು. ಹೊಲದ ಕ್ರಯಪತ್ರದಲ್ಲಿ ಚಕ್ಕುಬಂದಿಯನ್ನು ಬರೆಯುವಂತೆಯೇ ಇದೂ.

ಹಕ್ಕಿನ ವಾಕ್ಯ ಎಷ್ಟು ವಿಶಾಲವಾಗಿದ್ದರೆ ಅಷ್ಟು ಲಾಭ. ಆದ್ದರಿಂದ ಅರ್ಜಿದಾರನ ಲೇಖನಿ ಸಹಜವಾಗಿಯೇ ವಿಶಾಲವಾದ ಮಾತುಗಳ ಕಡೆಗೆ ವಾಲುತ್ತದೆ. ಕಚೇರಿಯ ಪರೀಕ್ಷಕ ಅದನ್ನು ತಡೆದು, "ಈ ಮಾತಿಗೆ ನಿನ್ನ ವಿವರಣೆಯಲ್ಲಿ ಆಧಾರವೆಲ್ಲಿ?" ಎಂದು ಕೇಳುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಗಾದೆ. ಪೇಟೆಂಟಿನಲ್ಲಿ ವಿವರಣೆಯೇ ಹಾಸಿಗೆ. ಹಕ್ಕಿನ ವಾಕ್ಯವೇ ಕಾಲು. ಈ ನಿಯಮ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಜಗಳಗಳೂ ಕಣ್ಣೀರೂ ಇವೆ. ಅವುಗಳಲ್ಲಿ ಬಟ್ಟೆಯ ಕಸುಬಿನ ಪಾಲೂ ದೊಡ್ಡದು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿವರಣಪತ್ರವನ್ನು ಸಲ್ಲಿಸುವ ಪದ್ಧತಿ ಬಂದಿತ್ತಾದರೂ ಅದರಲ್ಲಿ ಏನಿರಬೇಕೆಂಬುದು ಸ್ಪಷ್ಟವಿರಲಿಲ್ಲ. 1778ರಲ್ಲಿ ಗೋಡೆಗೆ ಬಳಿಯುವ ಒಂದು ಬಗೆಯ ಗಾರೆಯ ಬಗ್ಗೆ ಲಿಯಾರ್ಡೆಟ್ ಮತ್ತು ಜಾನ್ಸನ್ ಎಂಬವರ ನಡುವೆ ವ್ಯಾಜ್ಯ ನಡೆದಾಗ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಒಂದು ಮುಖ್ಯವಾದ ತತ್ವವನ್ನು ಎತ್ತಿಹಿಡಿದ. ಆ ಕಸುಬನ್ನು ಬಲ್ಲವನೊಬ್ಬ ಪತ್ರವನ್ನು ಓದಿ ತಾನೂ ಆ ವಸ್ತುವನ್ನು ಮಾಡುವಂತಿರಬೇಕು; ಅವಧಿ ಮುಗಿದ ಮೇಲೆ ಲೋಕಕ್ಕೆ ಪಾಠ ಉಳಿಯಬೇಕು. ಪಾಠವನ್ನು ಕೊಡದವನಿಗೆ ಹಕ್ಕೂ ಇಲ್ಲ.

ಏಳು ವರ್ಷಗಳ ಮೇಲೆ ಈ ತತ್ವದ ಪೆಟ್ಟನ್ನು ತಿಂದವನು ಸಾಮಾನ್ಯನಲ್ಲ. ರಿಚರ್ಡ್ ಆರ್ಕ್‌ರೈಟ್ ಪ್ರೆಸ್ಟನ್ ಊರಿನ ಬಡ ಮನೆಯಲ್ಲಿ ಹುಟ್ಟಿ, ಕ್ಷೌರ ಮತ್ತು ಕೃತಕ ಕೂದಲಿನ ಕಸುಬಿನಿಂದ ಮೇಲೆ ಬಂದು, ನೀರಿನ ಬಲದಿಂದ ನೂಲು ತೆಗೆಯುವ ಗಿರಣಿಗಳನ್ನು ಕಟ್ಟಿ ಕೋಟ್ಯಧಿಪತಿಯಾದವನು. ಅವನ ಎರಡನೆಯ ಪೇಟೆಂಟು 1775ರದು. ಹತ್ತಿಯನ್ನು ಹಿಂಜಿ, ಹಂಜಿ ಮಾಡಿ, ನೂಲಿಗೆ ಸಿದ್ಧಗೊಳಿಸುವ ಯಂತ್ರಗಳು ಅದರಲ್ಲಿ ಅಡಕವಾಗಿದ್ದವು. ಆದರೆ ಅದರ ವಿವರಣಪತ್ರವನ್ನು ಓದಿದವನಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಬೇಡದ ಉಪಕರಣಗಳು ಅಲ್ಲಿ ಸೇರಿದ್ದವು. ಬೇಕಾದ ಭಾಗಗಳು ಒಂದಕ್ಕೊಂದು ಹೇಗೆ ಕೂಡುತ್ತವೆಂಬುದು ಕಾಣೆಯಾಗಿತ್ತು. 1781ರಲ್ಲಿ ಇದೇ ಕಾರಣದಿಂದ ಅವನು ಒಂದು ಮೊಕದ್ದಮೆಯನ್ನು ಸೋತ. ಪರದೇಶದವರು ಗುಟ್ಟನ್ನು ಕದಿಯಬಾರದೆಂದೇ ಹಾಗೆ ಬರೆದೆನೆಂದು ಅವನ ಸಮಾಧಾನ. 1785ರ ಫೆಬ್ರವರಿಯಲ್ಲಿ ಒಮ್ಮೆ ಗೆದ್ದನಾದರೂ ಅದೇ ವರ್ಷದ ಜೂನ್ ತಿಂಗಳಲ್ಲಿ ಪೇಟೆಂಟನ್ನೇ ರದ್ದುಮಾಡಬೇಕೆಂಬ ದಾವೆ ನ್ಯಾಯಮೂರ್ತಿ ಬುಲ್ಲರ್ ಮುಂದೆ ಬಂತು. ವಸ್ತು ಹೊಸದೆ, ಕಂಡುಹಿಡಿದವನು ಇವನೇ ಹೌದೆ, ವಿವರಣೆ ಸಾಕಷ್ಟು ಸ್ಪಷ್ಟವಾಗಿದೆಯೆ ಎಂಬ ಮೂರು ಪ್ರಶ್ನೆಗಳು ಜೂರಿಯ ಮುಂದಿದ್ದವು. ತೀರ್ಪು ಆರ್ಕ್‌ರೈಟನಿಗೆ ವಿರುದ್ಧವಾಯಿತು. ಮರುವರ್ಷವೇ ಅವನಿಗೆ 'ಸರ್' ಪದವಿ ಬಂದರೂ ಪೇಟೆಂಟು ಮಾತ್ರ ಮರಳಲಿಲ್ಲ. ಲಂಕಾಷೈರಿನ ನೂಲುಗಿರಣಿಗಳ ಬಾಗಿಲು ಎಲ್ಲರಿಗೂ ತೆರೆಯಿತು.

ಇನ್ನು ಹೊಲಿಗೆಯ ಮಾತು. ಆರ್ಕ್‌ರೈಟನ ಸೋಲಾದ ಐದು ವರ್ಷಗಳಲ್ಲಿ, 1790ರಲ್ಲಿ, ಲಂಡನ್ನಿನ ಥಾಮಸ್ ಸೇಂಟ್ ಎಂಬ ಬಡಗಿಗೆ ಒಂದು ಪೇಟೆಂಟು ದೊರೆಯಿತು. ಮೇಲುನೋಟಕ್ಕೆ ಅದು ಪಾದರಕ್ಷೆ, ಅಂಟು, ಮೆರುಗೆಣ್ಣೆಗಳಿಗೆ ಸಂಬಂಧಪಟ್ಟದ್ದು. ಅದರೊಳಗೆ, ಮೂಟೆಯೊಳಗಿನ ರತ್ನದಂತೆ, ತೊಗಲನ್ನು ಹೊಲಿಯುವ ಯಂತ್ರವೊಂದರ ವರ್ಣನೆಯೂ ಚಿತ್ರವೂ ಇದ್ದವು. ಒಂದು ಮೊನೆ ಮೊದಲು ತೂತು ಕೊರೆಯುತ್ತದೆ. ತುದಿಯಲ್ಲಿ ಕವಲಾದ ಸೂಜಿ ದಾರವನ್ನು ಆ ತೂತಿನಲ್ಲಿ ತಳ್ಳುತ್ತದೆ. ಕೆಳಗೆ ಕುಣಿಕೆಗೆ ಕುಣಿಕೆ ಸೇರಿ ಸರಪಳಿ ಹೊಲಿಗೆಯಾಗುತ್ತದೆ. ವಸ್ತುವನ್ನಿಡುವ ಸಮತಟ್ಟಾದ ಹಲಗೆ, ಮೇಲಿನಿಂದ ಕೆಳಗೆ ಇಳಿಯುವ ಸೂಜಿ, ಹೀಗೆ ಮುಂದಿನ ಯಂತ್ರಗಳ ಹಲವು ಲಕ್ಷಣಗಳು ಅಲ್ಲಿದ್ದವು.

ಆದರೆ ಅಂಟು ಮೆರುಗೆಣ್ಣೆಗಳ ಕಡತದಲ್ಲಿ ಹೊಲಿಗೆಯನ್ನು ಹುಡುಕುವವರು ಯಾರು? ಸುಮಾರು ಎಂಬತ್ತು ವರ್ಷ ಅದು ಧೂಳಿನಲ್ಲಿ ಮಲಗಿತು. 1870ರ ದಶಕದಲ್ಲಿ ನ್ಯೂಟನ್ ವಿಲ್ಸನ್ ಎಂಬ ಹೊಲಿಗೆ ಯಂತ್ರದ ವ್ಯಾಪಾರಿ ಹಳೆಯ ಪತ್ರಗಳನ್ನು ತಿರುವುತ್ತಿದ್ದಾಗ ಅದು ಕೈಗೆ ಸಿಕ್ಕಿತು. ಸೇಂಟನ ವರ್ಣನೆಯನ್ನೇ ಹಿಡಿದು ಅವನು ಒಂದು ಯಂತ್ರವನ್ನು ಮಾಡಿಸಿದ. ಅದು ಓಡಬೇಕಾದರೆ ಅಲ್ಲಲ್ಲಿ ಕೆಲವು ತಿದ್ದುಪಡಿಗಳು ಬೇಕಾದವು. ಈ ಸಣ್ಣ ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಬರೆದಷ್ಟರಿಂದ ಯಂತ್ರ ಓಡಿತೆ? ಬಹುಮಟ್ಟಿಗೆ ಓಡಿತು, ಪೂರ್ತಿಯಾಗಿ ಓಡಲಿಲ್ಲ. ಆ 'ಬಹುಮಟ್ಟಿಗೆ' ಮತ್ತು 'ಪೂರ್ತಿಯಾಗಿ' ಎಂಬ ಎರಡು ಮಾತುಗಳ ನಡುವಣ ಸಂದಿಯಲ್ಲಿಯೇ ಪೇಟೆಂಟು ವಕೀಲರ ಬದುಕು ಸಾಗುತ್ತದೆ.

ಅಟ್ಲಾಂಟಿಕ್ ಸಾಗರದ ಆಚೆ, ನ್ಯೂಯಾರ್ಕಿನಲ್ಲಿ, ವಾಲ್ಟರ್ ಹಂಟ್ ಎಂಬ ಚತುರನಿದ್ದ. ಬಟ್ಟೆಗೆ ಚುಚ್ಚುವ ಇಂದಿನ ಪಿನ್ನು ಅವನದೇ ಕಲ್ಪನೆ. 1849ರಲ್ಲಿ ಅದಕ್ಕೆ ಪೇಟೆಂಟು ಪಡೆದು ಕೇವಲ 400 ಡಾಲರಿಗೆ ಮಾರಿಬಿಟ್ಟ ಮಹಾನುಭಾವ. 1834ರ ಹೊತ್ತಿಗೆ ಅವನು ಒಂದು ಹೊಲಿಗೆಯ ಯಂತ್ರವನ್ನು ಮಾಡಿದ್ದ. ಅದರ ಸೂಜಿಗೆ ಕಣ್ಣು ಇದ್ದದ್ದು ಬುಡದಲ್ಲಲ್ಲ, ಮೊನೆಯ ಬಳಿ. ಇದು ಕೈಹೊಲಿಗೆಯನ್ನು ಅನುಕರಿಸುವುದನ್ನು ಬಿಟ್ಟು ಯಂತ್ರದ ದಾರಿಯಲ್ಲಿಯೇ ಯೋಚಿಸಿದ ಹೆಜ್ಜೆ. ಮೊನೆಯಲ್ಲಿ ಕಣ್ಣುಳ್ಳ ಸೂಜಿ ಬಟ್ಟೆಯನ್ನು ಪೂರ್ತಿ ದಾಟಿಹೋಗಬೇಕಾಗಿಲ್ಲ. ಅದು ದಾರವನ್ನು ಹೊತ್ತು ಬಟ್ಟೆಯನ್ನು ತೂರಿ, ಕೊಂಚ ಹಿಂದಕ್ಕೆ ಸರಿದಾಗ ಆಚೆಯ ಬದಿಯಲ್ಲಿ ಒಂದು ಕುಣಿಕೆ ಉಳಿಯುತ್ತದೆ. ಆ ಕುಣಿಕೆಯೊಳಗೆ, ನೇಕಾರನ ಮಗ್ಗದಲ್ಲಿ ಲಾಳಿ ಹಾಯುವಂತೆ, ಪುಟ್ಟ ಲಾಳಿಯೊಂದು ಎರಡನೆಯ ದಾರವನ್ನು ಎಳೆದುಕೊಂಡು ಹಾಯುತ್ತದೆ. ಸೂಜಿ ಮೇಲೆದ್ದಾಗ ಎರಡು ದಾರಗಳೂ ಬಟ್ಟೆಯ ನಡುವೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಂದು ಕಡೆ ಕಿತ್ತರೂ ಸರಸರನೆ ಬಿಚ್ಚಿಹೋಗದ ಹೊಲಿಗೆ ಅದು.

ಹಂಟ್ ಇದಕ್ಕೆ ಪೇಟೆಂಟು ಕೇಳಲಿಲ್ಲ. ಹಕ್ಕನ್ನು ಅರೋಸ್ಮಿತ್ ಎಂಬವನಿಗೆ ಮಾರಿದ; ಅವನೂ ಕೇಳಲಿಲ್ಲ. ಈ ಯಂತ್ರದಿಂದ ಒಳಕುಪ್ಪಸಗಳನ್ನು ಹೊಲಿಯುವ ವ್ಯಾಪಾರ ಮಾಡೆಂದು ಹಂಟ್ ತನ್ನ ಮಗಳಿಗೆ ಹೇಳಿದಾಗ, ಕೈಹೊಲಿಗೆಯಿಂದ ಹೊಟ್ಟೆ ಹೊರೆಯುವ ಬಡ ಹೆಂಗಸರ ಗತಿಯೇನೆಂದು ಆಕೆ ಹಿಂಜರಿದಳೆಂದು ಹೇಳುತ್ತಾರೆ. ಆ ಅಂಜಿಕೆ ಬರಿಯ ಭ್ರಮೆಯಲ್ಲ. ಫ್ರಾನ್ಸಿನಲ್ಲಿ ಬಾರ್ಥೆಲೆಮಿ ತಿಮೊನಿಯೆ ಎಂಬ ದರ್ಜಿ 1830ರಲ್ಲಿ ಪೇಟೆಂಟು ಪಡೆದು, ಸೈನಿಕರ ಉಡುಪುಗಳನ್ನು ಹೊಲಿಯಲು ಪ್ಯಾರಿಸಿನಲ್ಲಿ 80 ಯಂತ್ರಗಳನ್ನು ಹೂಡಿದಾಗ ಅಲ್ಲಿನ ದರ್ಜಿಗಳು ನುಗ್ಗಿ ಅವನ್ನು ಪುಡಿಪುಡಿ ಮಾಡಿದರು. ತಿಮೊನಿಯೆ 1857ರಲ್ಲಿ ಬಡವನಾಗಿಯೇ ಸತ್ತ.

ಈಗ ಎಲಿಯಾಸ್ ಹೋ ರಂಗಕ್ಕೆ ಬರುತ್ತಾನೆ. 1819ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪೆನ್ಸರ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಯಂತ್ರಗಳ ಕಾರ್ಖಾನೆಯಲ್ಲಿ ದುಡಿದವನು. ಜಾರ್ಜ್ ಫಿಷರ್ ಎಂಬ ಗೆಳೆಯ ಅರ್ಧ ಪಾಲಿನ ಮಾತಿನ ಮೇಲೆ ಇರಲು ಮನೆಯನ್ನೂ 500 ಡಾಲರುಗಳನ್ನೂ ಕೊಟ್ಟ. 1845ರಲ್ಲಿ ಯಂತ್ರ ಸಿದ್ಧವಾಯಿತು. ನಿಮಿಷಕ್ಕೆ 250 ಹೊಲಿಗೆಗಳನ್ನು ಹಾಕುತ್ತ ಅದು ಬಾಸ್ಟನ್ನಿನಲ್ಲಿ ಐವರು ನುರಿತ ಹೊಲಿಗೆಗಾರ್ತಿಯರೊಡನೆ ಸ್ಪರ್ಧಿಸಿ ಗೆದ್ದಿತು. ನೋಡಿದವರು ಬೆರಗಾದರು, ಕೊಂಡವರು ಯಾರೂ ಇಲ್ಲ. ಯಂತ್ರದಲ್ಲಿ ಕೊರತೆಗಳೂ ಇದ್ದವು. ಬಟ್ಟೆಯನ್ನು ಒಂದು ಪಟ್ಟಿಯ ಮುಳ್ಳುಗಳಿಗೆ ನೇತುಹಾಕಬೇಕು. ಪಟ್ಟಿಯ ಉದ್ದ ಮುಗಿದೊಡನೆ ನಿಲ್ಲಿಸಿ, ಬಟ್ಟೆಯನ್ನು ಬಿಡಿಸಿ, ಮತ್ತೆ ಸಿಕ್ಕಿಸಬೇಕು. ನೇರವಾದ ಹೊಲಿಗೆಯಲ್ಲದೆ ತಿರುವು ಮುರುವು ಅದಕ್ಕೆ ಬಾರದು.

1846ರ ಸೆಪ್ಟೆಂಬರ್ 10ರಂದು ಹೋಗೆ ಅಮೆರಿಕದ 4750ನೆಯ ಪೇಟೆಂಟು ದೊರೆಯಿತು. ಅಲ್ಲಿನ ಕಾಯಿದೆ ಅದಕ್ಕೆ ಹತ್ತು ವರ್ಷ ಮೊದಲು, 1836ರಲ್ಲಿ, ಹೊಸ ರೂಪವನ್ನು ತಾಳಿತ್ತು. ಪೇಟೆಂಟು ಕಚೇರಿ, ಅದಕ್ಕೊಬ್ಬ ಕಮಿಷನರು, ಅರ್ಜಿಗಳನ್ನು ಪರೀಕ್ಷಿಸುವ ಅಧಿಕಾರಿಗಳು ಏರ್ಪಟ್ಟಿದ್ದರು. ತನ್ನದೆಂದು ಹೇಳುವ ಭಾಗ ಯಾವುದೆಂಬುದನ್ನು ಅರ್ಜಿದಾರ ಬೆರಳಿಟ್ಟು ತೋರಿಸಬೇಕೆಂದು ಕಾಯಿದೆ ವಿಧಿಸಿತ್ತು. ಹೋ ಬರೆಸಿದ ಹಕ್ಕಿನ ಮಾತುಗಳು ಗಮನಿಸತಕ್ಕವು. ಮೊನೆಯಲ್ಲಿ ಕಣ್ಣುಳ್ಳ ಸೂಜಿಯೆಲ್ಲ ನನ್ನದೆಂದು ಅವನು ಹೇಳಲಿಲ್ಲ. ಯಂತ್ರದಿಂದ ಮಾಡುವ ಹೊಲಿಗೆಯೆಲ್ಲ ನನ್ನದೆಂದೂ ಹೇಳಲಿಲ್ಲ. ಸೂಜಿ ದಾರವನ್ನು ಬಟ್ಟೆಯಲ್ಲಿ ತೂರಿಸುವುದು, ಆ ಸೂಜಿಗೂ ದಾರಕ್ಕೂ ನಡುವೆ ಲಾಳಿ ಹಾಯುವುದು, ಈ ಎರಡರ ಕೂಟದಿಂದ ಹೊಲಿಗೆಯಾಗುವುದು, ಅದೂ ತಾನು ವರ್ಣಿಸಿದ ಏರ್ಪಾಟಿಗೆ ಸಾರದಲ್ಲಿ ಸಮಾನವಾದ ಏರ್ಪಾಟಿನಲ್ಲಿ, ಇಷ್ಟನ್ನು ತನ್ನದೆಂದ. ಅವನ ವಿವರಣೆ ಹೊರಬಲ್ಲ ಭಾರವನ್ನಷ್ಟೇ ಅವನ ವಾಕ್ಯ ಹೇರಿತ್ತು.

ಹೋ ತನ್ನ ಯಂತ್ರವನ್ನು ಇಂಗ್ಲೆಂಡಿಗೆ ಕೊಂಡೊಯ್ದ. ಅಲ್ಲಿ ಒಳಕುಪ್ಪಸಗಳ ತಯಾರಕನೊಬ್ಬ 250 ಪೌಂಡಿಗೆ ಆ ದೇಶದ ಹಕ್ಕನ್ನು ಕೊಂಡುಬಿಟ್ಟ. 1849ರಲ್ಲಿ ಹೋ ಬರಿಗೈಯಲ್ಲಿ ಮರಳಿದಾಗ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಳು. ಅವನು ಇಲ್ಲದ ಹೊತ್ತಿನಲ್ಲಿ ಅಮೆರಿಕದ ಪೇಟೆಗಳಲ್ಲಿ ಇತರರ ಯಂತ್ರಗಳು ಹೊಲಿಯತೊಡಗಿದ್ದವು. ಅವುಗಳಲ್ಲಿ ಬಹುಪಾಲು ಮೊನೆಗಣ್ಣಿನ ಸೂಜಿ ಮತ್ತು ಲಾಳಿಯ ಕೂಟವನ್ನೇ ಬಳಸುತ್ತಿದ್ದವು.

ಐಸಾಕ್ ಸಿಂಗರ್ ನಾಟಕಗಳಲ್ಲಿ ಪಾತ್ರ ವಹಿಸುತ್ತಿದ್ದವನು. ಯಂತ್ರಗಳಲ್ಲಿಯೂ ಕೈ ಪಳಗಿದವನು. 1850ರಲ್ಲಿ ಬಾಸ್ಟನ್ನಿನ ಕಾರ್ಖಾನೆಯೊಂದರಲ್ಲಿ ಇದ್ದ ಯಂತ್ರವನ್ನು ತಿದ್ದಲು ಹೋಗಿ ಒಂದು ಹೊಸ ಯಂತ್ರವನ್ನೇ ಮಾಡಿದ. ನೆಟ್ಟಗೆ ಮೇಲೆ ಕೆಳಗೆ ಆಡುವ ನೇರವಾದ ಸೂಜಿ, ಬಟ್ಟೆಯನ್ನು ಹರಡುವ ಹಲಗೆ, ಅದನ್ನು ಒತ್ತಿಹಿಡಿಯುವ ಪಾದ, ತಡೆಯಿಲ್ಲದೆ ಮುಂದಕ್ಕೆ ಸರಿಸುವ ಚಕ್ರ, ಇವೆಲ್ಲ ಕೂಡಿದಾಗ ಕೆಲಸಕ್ಕೆ ಬರುವ ಯಂತ್ರವಾಯಿತು. 1851ರ ಆಗಸ್ಟ್ 12ರಂದು ಅವನಿಗೂ ಪೇಟೆಂಟು ಬಂತು. ಹೋನ ಸೂಜಿ ಬಾಗಿದ್ದು, ಸಿಂಗರನದು ನೇರ. ಹೋನ ಬಟ್ಟೆ ನೇತಾಡುತ್ತದೆ, ಸಿಂಗರನ ಬಟ್ಟೆ ಮಲಗಿರುತ್ತದೆ. ಆದರೆ ಸೂಜಿ ಮತ್ತು ಲಾಳಿಯ ಕೂಟ ಎರಡರಲ್ಲಿಯೂ ಒಂದೇ. ಹೋ ದಾವೆ ಹೂಡಿದ.

ಸಿಂಗರನ ಕಡೆಯವರು ಆಗ ವಾಲ್ಟರ್ ಹಂಟನನ್ನು ಹುಡುಕಿ ತಂದರು. ಹಳೆಯ ಯಂತ್ರದ ತುಂಡುಗಳನ್ನು ಕೂಡಿಸಿ, 1853ರಲ್ಲಿ, ಎಂದರೆ ಸುಮಾರು ಇಪ್ಪತ್ತು ವರ್ಷ ತಡವಾಗಿ, ಹಂಟ್ ಪೇಟೆಂಟಿಗೆ ಅರ್ಜಿ ಕೊಟ್ಟ. ಕಮಿಷನರ್ ಚಾರ್ಲ್ಸ್ ಮೇಸನ್ 1854ರಲ್ಲಿ ತನ್ನ ನಿರ್ಣಯವನ್ನು ಕೊಟ್ಟ. ಮೊದಲು ಕಲ್ಪಿಸಿದವನು ಹಂಟನೇ ಎಂಬುದನ್ನು ಆತ ಒಪ್ಪಿದ. ಆದರೂ ಅಷ್ಟು ವರ್ಷ ಕೈಬಿಟ್ಟು ಕುಳಿತವನಿಗೆ ಈಗ ಹಕ್ಕಿಲ್ಲ. ಹೋನ ಪೇಟೆಂಟು ಉಳಿಯಬೇಕು. ಮೊದಲಿಗನೆಂಬ ಗೌರವ ಒಬ್ಬನಿಗೆ, ಫಲ ಇನ್ನೊಬ್ಬನಿಗೆ. ಅದೇ ವರ್ಷ ಸಿಂಗರ್ ಸೋಲೊಪ್ಪಿ ಹೋಗೆ 15,000 ಡಾಲರುಗಳನ್ನು ತೆತ್ತು ಒಪ್ಪಂದ ಮಾಡಿಕೊಂಡ.

ಅಷ್ಟರಲ್ಲಿ ಒಂದೊಂದು ಕಂಪೆನಿಯ ಕೈಯಲ್ಲಿಯೂ ಒಂದೊಂದು ಬಿಡಿಭಾಗದ ಪೇಟೆಂಟು ಇತ್ತು. ಒಬ್ಬನ ಸೂಜಿಯಿಲ್ಲದೆ ಇನ್ನೊಬ್ಬನ ಪಾದ ಕೆಲಸಮಾಡದು. ಎಲ್ಲರೂ ಎಲ್ಲರ ಮೇಲೂ ದಾವೆ ಹೂಡಿದ್ದರು. 1856ರಲ್ಲಿ ಆಲ್ಬನಿ ನಗರದಲ್ಲಿ ಗ್ರೋವರ್ ಮತ್ತು ಬೇಕರ್ ಕಂಪೆನಿಯ ಆರ್ಲಾಂಡೊ ಪಾಟರ್ ಹೊಸ ಸಲಹೆಯೊಂದನ್ನು ಮುಂದಿಟ್ಟ. ಸಿಂಗರ್, ವೀಲರ್ ಮತ್ತು ವಿಲ್ಸನ್, ಗ್ರೋವರ್ ಮತ್ತು ಬೇಕರ್ ಕಂಪೆನಿಗಳೂ ಹೋನೂ ಕೂಡಿ ತಮ್ಮ ಪೇಟೆಂಟುಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿದರು. ಅದನ್ನು ಬಳಸುವ ಪ್ರತಿಯೊಬ್ಬ ತಯಾರಕನೂ ಒಂದೊಂದು ಯಂತ್ರಕ್ಕೂ 15 ಡಾಲರ್ ಕೊಡಬೇಕು; ಅದರಲ್ಲಿ 5 ಡಾಲರ್ ಹೋಗೆ. 1860ರಲ್ಲಿ ಹೋನ ಪೇಟೆಂಟು ಇನ್ನೂ ಏಳು ವರ್ಷ ಮುಂದುವರಿದಾಗ ಈ ದರಗಳು ಇಳಿದವು. 1867ರಲ್ಲಿ ಪೇಟೆಂಟು ಮುಗಿಯಿತು. ಕೆಲವೇ ವಾರಗಳಲ್ಲಿ ಹೋನೂ ತೀರಿಕೊಂಡ. ಕೂಟ ಮಾತ್ರ 1877ರವರೆಗೆ ಬಾಳಿತು. ಅದು ಮುಗಿದ ಮೇಲೆ ಯಂತ್ರದ ಬೆಲೆ ಇಳಿಯಿತು. ಕಾಗದದ ಮೇಲಿನ ಒಂದು ವಾಕ್ಯದ ಭಾರವನ್ನು ಅಷ್ಟು ವರ್ಷ ಹೊತ್ತವರು ಯಂತ್ರವನ್ನು ಕೊಂಡ ದರ್ಜಿಗಳೂ ಹೊಲಿಗೆಗಾರ್ತಿಯರೂ ಎಂಬುದನ್ನು ಮರೆಯಬಾರದು. ಆದ್ದರಿಂದಲೇ ಆ ವಾಕ್ಯ ಎಷ್ಟು ಉದ್ದ ಚಾಚಿದೆ ಎಂಬ ಪ್ರಶ್ನೆ ಬರಿಯ ವಕೀಲರ ಪ್ರಶ್ನೆಯಲ್ಲ.

ಹಾಸಿಗೆಯನ್ನು ಮೀರಿ ಕಾಲು ಚಾಚಿದವರೂ ಆ ಕಾಲದಲ್ಲಿದ್ದರು. ತಂತಿವಾರ್ತೆಯ ಸ್ಯಾಮ್ಯುಯೆಲ್ ಮೋರ್ಸ್ ತನ್ನ ಪೇಟೆಂಟಿನ ಎಂಟನೆಯ ಹಕ್ಕಿನ ವಾಕ್ಯದಲ್ಲಿ, ತಾನು ವರ್ಣಿಸಿದ ಉಪಕರಣಗಳಿಗೆ ಕಟ್ಟುಬೀಳದೆ, ವಿದ್ಯುತ್ಕಾಂತದ ಶಕ್ತಿಯಿಂದ ದೂರದಲ್ಲಿ ಅಕ್ಷರಗಳನ್ನು ಮೂಡಿಸುವ ಯಾವ ವಿಧಾನವಾದರೂ ತನ್ನದೆಂದು ಹೇಳಿಕೊಂಡಿದ್ದ. ಹೋ ಮತ್ತು ಸಿಂಗರರ ಜಗಳ ಮುಗಿದ 1854ನೆಯ ವರ್ಷದಲ್ಲಿಯೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಟಾನಿ ಆ ವಾಕ್ಯವನ್ನು ತಳ್ಳಿಹಾಕಿದ. ಉಳಿದ ವಾಕ್ಯಗಳು ನಿಂತವು, ಎಂಟನೆಯದು ಬಿತ್ತು. ಮುಂದೆ ಯಾರೋ ಬೇರೊಂದು ದಾರಿಯಲ್ಲಿ ಅದೇ ಗುರಿಯನ್ನು ಮುಟ್ಟಬಹುದು; ಇನ್ನೂ ಕಾಣದ ದಾರಿಗೆ ಈಗಲೇ ಸುಂಕದ ಕಟ್ಟೆ ಹಾಕಲಾಗದು ಎಂಬುದು ಆ ತೀರ್ಪಿನ ತಿರುಳು.

ಇನ್ನೊಂದು ಉಪಾಯವೂ ಆಗ ಬಳಕೆಯಲ್ಲಿತ್ತು. ಪೇಟೆಂಟಿನಲ್ಲಿ ತಪ್ಪು ನುಸುಳಿದ್ದರೆ ಅದನ್ನು ಒಪ್ಪಿಸಿ, ತಿದ್ದಿದ ಪ್ರತಿಯನ್ನು ಪಡೆಯಲು ಕಾಯಿದೆ ಅವಕಾಶ ಕೊಟ್ಟಿತ್ತು. ಕೆಲವರು ಈ ಸೌಕರ್ಯವನ್ನು ಹಿಡಿದು, ಎದುರಾಳಿ ಹೊಸದೇನನ್ನು ಮಾಡಿದನೆಂಬುದನ್ನು ನೋಡಿ, ಅದೂ ತಮ್ಮ ಬೇಲಿಯೊಳಗೆ ಬರುವಂತೆ ಹಕ್ಕಿನ ವಾಕ್ಯವನ್ನು ಹಿಗ್ಗಿಸತೊಡಗಿದರು. ರಾತ್ರಿ ಬೆಳಗಾಗುವುದರೊಳಗೆ ಗಡಿಕಲ್ಲು ಪಕ್ಕದ ಹೊಲಕ್ಕೆ ಸರಿದಂತೆ. 1880ರ ದಶಕದ ಮೊದಲಲ್ಲಿ, ದೀಪವೊಂದರ ಪೇಟೆಂಟಿನ ಬಗ್ಗೆ ಬಂದ ಮೊಕದ್ದಮೆಯಲ್ಲಿ, ಅದೇ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಕಡಿವಾಣ ಹಾಕಿತು. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಹಕ್ಕನ್ನು ಹಿಗ್ಗಿಸಬರುವವನ ಮಾತು ನಡೆಯದೆಂದಿತು.

ಇವೆಲ್ಲ ಹಳೆಯ ಕಾಲದ ಮಾತೆಂದು ತಿಳಿಯಬೇಕಾಗಿಲ್ಲ. 1998ರಲ್ಲಿ ಅಮೆರಿಕದ ಪೇಟೆಂಟು ಮೇಲ್ಮನವಿ ನ್ಯಾಯಾಲಯದ ಮುಂದೆ ಒಂದು ಸೋಫಾದ ವ್ಯಾಜ್ಯ ಬಂತು. ಎರಡು ಒರಗುಪೀಠಗಳು ಅಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಮುಖಮಾಡಿರುವ ಸೋಫಾ ಅದು. ಪೀಠವನ್ನು ಒರಗಿಸುವ ಹಿಡಿಗಳು ಎರಡರ ನಡುವಣ ಕಟ್ಟೆಯ ಮೇಲೆ ಇರುತ್ತವೆಂದು ಮೂಲ ವಿವರಣೆ ಹೇಳಿತ್ತು. ಬೇರೆಡೆ ಇರಬಹುದೆಂದು ಎಲ್ಲಿಯೂ ಸೂಚಿಸಿರಲಿಲ್ಲ. ಪ್ರತಿಸ್ಪರ್ಧಿಗಳು ಹಿಡಿಗಳನ್ನು ಬೇರೆಡೆ ಇಟ್ಟು ಮಾರತೊಡಗಿದಾಗ, ಹಿಡಿಗಳು ಎಲ್ಲಿದ್ದರೂ ಸರಿ ಎಂಬಂತೆ ಹಕ್ಕಿನ ವಾಕ್ಯವನ್ನು ವಿಸ್ತರಿಸಲಾಗಿತ್ತು. ನ್ಯಾಯಾಲಯ ಆ ವಿಸ್ತಾರವನ್ನು ಒಪ್ಪಲಿಲ್ಲ. ವರ್ಣಿಸಿದ್ದಕ್ಕಿಂತ ಹೆಚ್ಚನ್ನು ಕೇಳುವಂತಿಲ್ಲ. 2010ರಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ ಈ ನಿಯಮವನ್ನು ಮತ್ತೆ ಸ್ಥಿರಪಡಿಸಿತು. ಅರ್ಜಿ ಕೊಟ್ಟ ದಿನ ಆ ವಸ್ತು ನಿಜವಾಗಿಯೂ ನಿನ್ನ ಕೈಯಲ್ಲಿತ್ತು ಎಂಬುದನ್ನು ನಿನ್ನ ಬರಹವೇ ತೋರಿಸಬೇಕು.

ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಕಾಯಿದೆ ಬಂದದ್ದು 1856ರಲ್ಲಿ. ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಪಂಖವನ್ನು ಎಳೆಯುವ ಯಂತ್ರಕ್ಕಾಗಿ ಆ ವರ್ಷವೇ ಮೊದಲ ಅರ್ಜಿ ಕೊಟ್ಟ. 1911ರ ಕಾಯಿದೆ ಬಹುಕಾಲ ನಡೆಯಿತು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ 1970ರ ಕಾಯಿದೆ ರೂಪುಗೊಂಡು 1972ರಲ್ಲಿ ಜಾರಿಗೆ ಬಂತು. ಅದರ ಹತ್ತನೆಯ ಪ್ರಕರಣ ಎರಡು ಭಾಗಗಳನ್ನೂ ಗಟ್ಟಿಯಾಗಿ ಕಟ್ಟಿಹಾಕಿದೆ. ವಿವರಣೆ ಪೂರ್ಣವಾಗಿರಬೇಕು, ಹಕ್ಕಿನ ವಾಕ್ಯ ಸ್ಪಷ್ಟವೂ ಅಡಕವೂ ಆಗಿದ್ದು ವಿವರಣೆಯಲ್ಲಿ ಬಯಲುಮಾಡಿದ ವಿಷಯವನ್ನೇ ನ್ಯಾಯವಾಗಿ ಆಧರಿಸಿರಬೇಕು. ಹಾಗಿಲ್ಲದಿದ್ದರೆ ಪೇಟೆಂಟು ದೊರೆತ ಮೇಲೂ ಅದನ್ನು ರದ್ದುಪಡಿಸಬಹುದು.

ಪರೀಕ್ಷಕನ ಮೇಜಿನ ಮೇಲೆ ಇದು ಹೇಗೆ ನಡೆಯುತ್ತದೆಂಬುದಕ್ಕೆ ಮನೆಯದೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಕೌದಿ ಎಲ್ಲರ ಸೊತ್ತು. ಅದಕ್ಕೆ ಯಾರೂ ಪೇಟೆಂಟು ಪಡೆಯಲಾಗದು. ಆದರೆ ಒಬ್ಬಾಕೆ ಪದರಗಳು ಒಂದರ ಮೇಲೊಂದು ಜರುಗದಂತೆ ತಡೆಯುವ, ಹಿಂದೆಂದೂ ಇಲ್ಲದಿದ್ದ ಹೊಲಿಗೆಯ ಜೋಡಣೆಯೊಂದನ್ನು ಕಂಡುಹಿಡಿದಳೆನ್ನಿ. ಆಕೆಯ ವಿವರಣೆಯಲ್ಲಿ ಎರಡು ಪದರ ಹತ್ತಿಯ ಬಟ್ಟೆ, ಹತ್ತಿಯ ದಾರ, ಅಂಗುಲಕ್ಕೊಂದರಂತೆ ಹೊಲಿಗೆಯ ಸಾಲು, ಇಷ್ಟಿದೆ. ಹಕ್ಕಿನ ವಾಕ್ಯದಲ್ಲಿ ವಕೀಲರು 'ಯಾವುದೇ ವಿಧದಿಂದ ಕೂಡಿಸಿದ ಪದರಗಳು' ಎಂದು ಬರೆದುಬಿಟ್ಟಿದ್ದಾರೆ.

ಪರೀಕ್ಷಕ ಅಲ್ಲಿಗೇ ನಿಲ್ಲುತ್ತಾನೆ. 'ಹೊಲಿದ' ಎಂಬುದೂ 'ಕೂಡಿಸಿದ' ಎಂಬುದೂ ಒಂದೇ ಅಲ್ಲ. ಅಂಟಿನಿಂದಲೂ ಕೂಡಿಸಬಹುದು, ಶಾಖದಿಂದಲೂ ಬೆಸೆಯಬಹುದು. ಅವುಗಳ ಸುಳಿವೇ ವಿವರಣೆಯಲ್ಲಿಲ್ಲ. ಸಾಲುಗಳ ಅಂತರ 'ಅರ್ಧ ಅಂಗುಲದಿಂದ ಮೂರು ಅಂಗುಲ' ಎಂದು ವಾಕ್ಯ ಹೇಳಿದರೆ, ಒಂದಂಗುಲವನ್ನಷ್ಟೇ ತಿಳಿಸಿದ ಬರಹ ಮೂರಂಗುಲಕ್ಕೆ ಹೇಗೆ ಆಧಾರವಾದೀತು? ಹಳೆಯ ವಸ್ತುವೊಂದರಿಂದ ತನ್ನದನ್ನು ಬೇರ್ಪಡಿಸಲು ನಡುವೆ 'ಗಂಟಿಲ್ಲದ ಹೊಲಿಗೆ' ಎಂಬ ಮಾತನ್ನು ಸೇರಿಸಿದರೂ ಅದೇ ತೊಡಕು. ಗಂಟಿನ ಮಾತನ್ನು ಮೊದಲಿನ ಬರಹ ಎತ್ತಿಯೇ ಇಲ್ಲ. ಚಿತ್ರದಲ್ಲಾದರೂ ಅದು ಸ್ಪಷ್ಟವಾಗಿ ಕಾಣದಿದ್ದರೆ, ಅರ್ಜಿಯ ದಿನಾಂಕದ ನಂತರ ಹುಟ್ಟಿದ ಹೊಸ ಸಂಗತಿಯೆಂದೇ ಅದನ್ನು ಎಣಿಸುತ್ತಾರೆ. ಹೀಗೆ ವಾಕ್ಯ ತಿರಸ್ಕೃತವಾದಾಗ ಅರ್ಜಿದಾರಳು ತನ್ನ ಹೊಲಿಗೆಯೇ ಕೆಲಸಕ್ಕೆ ಬಾರದೆಂದು ತಿಳಿದು ನೊಂದುಕೊಳ್ಳುವುದುಂಟು. ಅದು ಹಾಗಲ್ಲ. ತಿರಸ್ಕರಿಸಿದ್ದು ಅಳತೆಗೆ ಮೀರಿದ ಮಾತನ್ನು. ಹೊಲಿಗೆ ಇದ್ದ ಹಾಗೆಯೇ ಇದೆ. ಅಳತೆಗೆ ಸರಿಯಾಗಿ ಮಾತನ್ನು ಮೊಟಕುಗೊಳಿಸಿದರೆ ಅದಕ್ಕೆ ಸಲ್ಲಬೇಕಾದ ಹಕ್ಕು ಸಲ್ಲುತ್ತದೆ.

ಇದರಲ್ಲಿ ಕಷ್ಟವಿಲ್ಲವೆಂದಲ್ಲ. ಕೈಯ ಜಾಣ್ಮೆಯುಳ್ಳವನಿಗೆ ಲೇಖನಿಯ ಜಾಣ್ಮೆ ಇರಬೇಕೆಂದೇನೂ ಇಲ್ಲ. ಸಿರಿವಂತ ಕಂಪೆನಿ ಹತ್ತು ವಿಧದ ದಾರವನ್ನೂ ಹತ್ತು ವಿಧದ ಅಂತರವನ್ನೂ ಮೊದಲೇ ಯೋಚಿಸಿ ಬರೆಸಬಲ್ಲದು. ಒಂಟಿ ಕುಶಲಿ ತಾನು ಮಾಡಿದ ಒಂದನ್ನಷ್ಟೇ ಬರೆದು ಸುಮ್ಮನಾಗುತ್ತಾನೆ. ಆಮೇಲೆ ಸ್ವಲ್ಪ ಬದಲಾವಣೆ ಮಾಡಿ ಅನುಕರಿಸಿದವನನ್ನು ತಡೆಯಲು ಅವನ ಕೈಯಲ್ಲಿ ಮಾತಿಲ್ಲ. ಹಂಟನಂಥವರ ಅಳಲು ಇಂದಿಗೂ ಮುಗಿದಿಲ್ಲ. ಆದರೆ ನಿಯಮವನ್ನು ಸಡಿಲಿಸಿದರೆ ಅದರ ಲಾಭ ಒಂಟಿ ಕುಶಲಿಗೆ ದಕ್ಕುವುದಕ್ಕಿಂತ ಮೊದಲು ದೊಡ್ಡ ಬೇಲಿ ಹಾಕಬಲ್ಲವರಿಗೆ ದಕ್ಕುತ್ತದೆ. ಮದ್ದು ಇರುವುದು ನಿಯಮವನ್ನು ಸಡಿಲಿಸುವುದರಲ್ಲಲ್ಲ. ಬಡ ಕುಶಲಿಗೆ ಅರ್ಜಿಯ ಮೊದಲ ದಿನವೇ ಒಳ್ಳೆಯ ಬರಹಗಾರನ ನೆರವು ದೊರೆಯುವಂತೆ ಮಾಡುವುದರಲ್ಲಿ. ಅವನು ಮಾಡಿದ್ದನ್ನು ಮಾತ್ರವಲ್ಲ, ಅದೇ ತತ್ವದಿಂದ ಇನ್ನೇನನ್ನು ಮಾಡಬಲ್ಲನೆಂಬುದನ್ನೂ ಕೇಳಿ ತಿಳಿದು ಬರೆಯಬಲ್ಲ ನೆರವು ಅದು.

ಸೇಂಟ್, ಹಂಟ್, ಹೋ, ಸಿಂಗರ್ ಎಲ್ಲರೂ ಹೋದರು. ಅವರ ಪೇಟೆಂಟುಗಳ ಅವಧಿ ಯಾವಾಗಲೋ ಮುಗಿದು ಆ ಹೊಲಿಗೆ ಈಗ ಲೋಕದ ಸೊತ್ತಾಗಿದೆ. ಅಂದು ಅವರು ಬರೆದಿಟ್ಟ ವಿವರ ಸ್ಪಷ್ಟವಾಗಿದ್ದಷ್ಟು ಮಟ್ಟಿಗೆ ಮುಂದಿನವರ ದಾರಿ ಸುಗಮವಾಯಿತು. ಅಸ್ಪಷ್ಟವಾಗಿದ್ದಷ್ಟು ಮಟ್ಟಿಗೆ ಅವರು ಮತ್ತೆ ಮೊದಲಿನಿಂದ ತಡಕಾಡಬೇಕಾಯಿತು. ನಾಲ್ಕು ಮಂದಿ ಓದಿ ಮಾಡಬಲ್ಲಂತೆ ಬರೆದುಕೊಡುವುದೇ ಹಕ್ಕಿಗೆ ತೆರುವ ಬೆಲೆ. ಕೊಟ್ಟ ಬೆಲೆಗೆ ಎಷ್ಟು ಬರುತ್ತದೋ ಅಷ್ಟೇ ಹಕ್ಕು.